ಬರೀ ಬ್ಯಾರನ್ನಿಗೆ ಹಾಕಿದ ಬೆಂಕಿ

ಹದಿನಾರು ಜನ ಹುಡುಗ ಹುಡುಗಿಯರನ್ನು ಮೂರು ವಾರದಲ್ಲಿ ಒಂದೇ ಮೇಳವಾಗಿ ಕೂರಿಸಿ ಕೊಡಬೇಕು ಎಂದು ನನ್ನನ್ನು ಕರೆಸಿಕೊಂಡರು. ಎಂಟು ಜನ ಯುರೋಪಿನವರು, ಎಂಟು ಜನ ಅರಬರು. ಬೆಟ್ಟದಪುರದ ಹತ್ತಿರ ಮಕ್ಕಳಿಲ್ಲದೆ ಮುಚ್ಚಿಹೋಗಿದ್ದ ಒಂದು ವಸತಿ ಶಾಲೆಯನ್ನು ಅದಕ್ಕಾಗಿ ಹಿಡಿದಿದ್ದರು. ಇವರಿಬ್ಬರನ್ನು ಒಂದು ಮಾಡುವುದಕ್ಕೂ ಪಿರಿಯಾಪಟ್ಟಣ ತಾಲ್ಲೂಕಿಗೂ ಏನು ಸಂಬಂಧ ಎಂದು ಶಿಬಿರ ನಡೆಸುತ್ತಿದ್ದ ಮೈಸೂರಿನ ಮೇಡಂ ಅವರನ್ನು ಕೇಳಿದೆ. ಅರಬ್ ಮಕ್ಕಳಿಗೆ ಯುರೋಪಿನ ವೀಸಾ ಸಿಗುವುದಿಲ್ಲ, ಯುರೋಪಿನ ತಾಯಂದಿರು ಮಕ್ಕಳನ್ನು ಅತ್ತ ಕಳಿಸುವುದಿಲ್ಲ, ಇಬ್ಬರಿಗೂ ಪರಸ್ಥಳವಾದ ಜಾಗ ಬೇಕಿತ್ತು ಎಂದರು. ಹೆಣ್ಣು ಗಂಡಿನ ಮನೆಯವರು ಒಪ್ಪದ ಮದುವೆಯನ್ನು ಯಾವುದೋ ಛತ್ರದಲ್ಲಿ ಮಾಡಿ ಮುಗಿಸುತ್ತಾರಲ್ಲ, ಹಾಗೆ ಅಂದುಕೊಂಡೆ.

ನನ್ನ ಕಸುಬು ಹುಣಸೂರಿನಲ್ಲಿ ಹಾರ್ಮೋನಿಯಂ ರಿಪೇರಿ. ನಾಟಕದವರ, ಭಜನೆಯವರ ಪೆಟ್ಟಿಗೆ ಬಿಚ್ಚಿ, ಹಿತ್ತಾಳೆ ನಾಲಗೆಗಳನ್ನು ಅರದಿಂದ ಕೆರೆದು ಸ್ವರ ಕೂಡಿಸುತ್ತೇನೆ. ತಂತಿವಾದ್ಯಗಳೂ ಬರುತ್ತವೆ. ಶಿಬಿರದಲ್ಲಿ ನನಗೆ ಎರಡು ಹೊಣೆ: ವಾದ್ಯಗಳನ್ನು ನೋಡಿಕೊಳ್ಳುವುದು, ದಿನಾ ಅಭ್ಯಾಸಕ್ಕೆ ಕೂರಿಸುವುದು. ಸ್ವರ ಕೂಡಿಸುವವನಿಗೆ ಮನಸ್ಸು ಕೂಡಿಸುವುದೂ ಬರುತ್ತದೆ ಎಂದು ಮೇಡಂ ನಂಬಿದ್ದರು. ನಾನೂ ನಂಬಿದ್ದೆ.

ಕೊನೆಯ ದಿನ ಸಂಗೀತ ಕಛೇರಿ. ಯುರೋಪಿನ ಒಂದು ಸಂಗೀತ ಶಾಲೆಯಿಂದ ಇಬ್ಬರು ಬಂದು ಕೇಳಿ, ಒಬ್ಬರನ್ನು ಆರಿಸುತ್ತಾರೆ. ಆರಿಸಿದವರಿಗೆ ಎರಡು ವರ್ಷದ ಓದು, ಇರಲು ಜಾಗ, ವೀಸಾ. ಹದಿನೈದು ಜನಕ್ಕೆ ಅದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಮನೆಗೆ ಹೋಗಬಹುದು. ಒಬ್ಬಳಿಗೆ ಮಾತ್ರ ಹೋಗಲು ಮನೆ ಇರಲಿಲ್ಲ. ಊದ್ ನುಡಿಸುವ ಹತ್ತೊಂಬತ್ತರ ಹುಡುಗಿ ಅವಳು. ಊದ್ ಎಂದರೆ ಅರ್ಧ ಕುಂಬಳಕಾಯಿಯಂಥ ಬೆನ್ನು, ಹಿಂದಕ್ಕೆ ಮುರಿದ ಕತ್ತು, ಹನ್ನೊಂದು ತಂತಿ. ಅವಳ ಬೀದಿ ಬಾಂಬಿಗೆ ಹೋಗಿತ್ತು. ಪಕ್ಕದ ದೇಶದಲ್ಲಿ ಇರಲು ಕೊಟ್ಟಿದ್ದ ಕಾಗದ ಇನ್ನೆರಡು ತಿಂಗಳಲ್ಲಿ ಮುಗಿಯುತ್ತಿತ್ತು. ಇದನ್ನು ಅವಳು ಮೊದಲ ದಿನವೇ, ವಾದ್ಯದ ಚೀಲ ಬಿಚ್ಚುತ್ತ, ಶಿಬಿರದವರೆಲ್ಲ ಆಡುತ್ತಿದ್ದ ಹರಕು ಇಂಗ್ಲಿಷಿನಲ್ಲಿ, ಬಸ್ಸಿನ ಹೊತ್ತು ಹೇಳುವಂತೆ ಹೇಳಿದಳು.

ಮೊದಲ ವಾರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವಳು ನುಡಿಸುವ ರಾಗದಲ್ಲಿ ಒಂದು ಗಾಂಧಾರ ಬರುತ್ತಿತ್ತು. ನಮ್ಮ ಸಾಧಾರಣ ಗಾಂಧಾರಕ್ಕಿಂತ ಮೇಲೆ, ಅಂತರ ಗಾಂಧಾರಕ್ಕಿಂತ ಕೆಳಗೆ. ಹಾರ್ಮೋನಿಯಮ್ಮಿನ ಎರಡು ಮನೆಗಳ ಸಂದಿಯಲ್ಲಿ ಕೂತ ಸ್ವರ ಅದು, ಯಾವ ಮನೆ ಒತ್ತಿದರೂ ಬರುವುದಿಲ್ಲ. ಯುರೋಪಿನವರ ಕಿವಿಗೆ ಅದು ಅಪಸ್ವರ. ಅವರಲ್ಲಿ ಪಿಟೀಲು ನುಡಿಸುವ ಒಬ್ಬ ಹುಡುಗನಿದ್ದ. ಇಪ್ಪತ್ತು ವರ್ಷ, ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಅವಳು ಆ ಸ್ವರ ಮುಟ್ಟಿದಾಗಲೆಲ್ಲ ಅವನು ತನ್ನ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿಯುತ್ತಿದ್ದ. ಅದರಲ್ಲಿ ಶ್ರುತಿ ನೋಡುವ ಆಪ್. ಸ್ವರ ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಅವಳಿಗೆ ಪ್ರತಿಸಲವೂ ಕೆಂಪು. ಹಿಂದೆ ಕೂತವರು ಕಿಸಕ್ಕೆನ್ನುತ್ತಿದ್ದರು.

ಅರಬ್ ಹುಡುಗರೇನು ಕಡಿಮೆಯೇ. ಅವರದೊಂದು ಹತ್ತು ಎಣಿಕೆಯ ತಾಳ. ಅದನ್ನು ಬೇಕೆಂದೇ ಜಾಸ್ತಿ ಓಟದಲ್ಲಿ ಎತ್ತಿಕೊಂಡು ಪಿಟೀಲಿನವನನ್ನು ಸೇರಿಕೊಳ್ಳಲು ಕರೆಯುವುದು, ಅವನು ತಪ್ಪು ಕಡೆ ಬಿಲ್ಲು ಎಳೆದ ಕೂಡಲೇ ಏಳೂ ಜನ ನಿಲ್ಲಿಸಿ ಚಪ್ಪಾಳೆ ತಟ್ಟುವುದು. ಊದಿನ ಹುಡುಗಿ ಮಾತ್ರ ಚಪ್ಪಾಳೆ ತಟ್ಟದೆ ಅವನನ್ನೇ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅವನು ಅತ್ತ. ಅದನ್ನೂ ಯಾರೋ ಫೋನಿನಲ್ಲಿ ಹಿಡಿದರು. ಊಟದ ಮನೆಯಲ್ಲಿ ಎರಡು ಮೇಜು, ಎರಡು ಗುಂಪು. ಒಂದು ದಿನ ಅಕಾರ್ಡಿಯನ್ನನ್ನು ಯಾರೋ ಮಳೆಗೆ ಬಿಟ್ಟದ್ದು ದೊಡ್ಡ ರಂಪವಾಗಿ, ಇನ್ನು ಮುಂದೆ ಒಬ್ಬರ ವಾದ್ಯವನ್ನು ಇನ್ನೊಬ್ಬರು ಮುಟ್ಟಿದರೆ ಶಿಬಿರದಿಂದ ಹೊರಗೆ ಎಂದು ನಾನೇ ಕಾನೂನು ಮಾಡಿದೆ.

ನನಗೆ ಸಿಟ್ಟು ಬೇಗ. ಎರಡನೆಯ ವಾರದ ಮೊದಲ ದಿನ ಎಲ್ಲರ ಫೋನೂ ಕಿತ್ತು ಅಕ್ಕಿ ಡಬ್ಬದಲ್ಲಿ ಹಾಕಿಸಿದೆ. ಅಂಗಡಿಯಿಂದ ನನ್ನ ಶ್ರುತಿ ಪೆಟ್ಟಿಗೆ ತಂದು ನಡುವೆ ಇಟ್ಟೆ. ಬೇರೇನೂ ಬೇಡ, ಅದರ ಷಡ್ಜವನ್ನು ಕೇಳಿ ಎಂದೆ. ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು ಜೋಡಿ. ಬೆನ್ನಿಗೆ ಬೆನ್ನು ಆನಿಸಿ ಕೂರಬೇಕು, ಮುಖ ನೋಡಬಾರದು. ಒಬ್ಬರು ಒಂದು ಸ್ವರ ಕೇಳಬೇಕು, ಇನ್ನೊಬ್ಬರು ಅದೇ ಸ್ವರದಲ್ಲಿ ಉತ್ತರ ಕೊಡಬೇಕು. ಪಿಟೀಲಿನವನನ್ನು ಊದಿನವಳ ಬೆನ್ನಿಗೇ ಕೂರಿಸಿದೆ. ಮೂರು ದಿನ ಅವನು ಮೇಲೆ ಕೆಳಗೆ ತಡಕಾಡಿದ. ನಾಲ್ಕನೆಯ ದಿನ ಬೆಳಿಗ್ಗೆ ಅವನ ಬೆರಳು ಅದರ ಮೇಲೆ ಹೋಗಿ ಕೂತಿತು. ಅವಳು ತಿರುಗಿ ನೋಡಲಿಲ್ಲ. ಅದೇ ಸ್ವರವನ್ನು ಇನ್ನೊಮ್ಮೆ, ನಿಧಾನಕ್ಕೆ, ಅವನಿಗಾಗಿ ನುಡಿಸಿದಳು. ಅವನು ಮತ್ತೆ ಕೊಟ್ಟ. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ. ಕಛೇರಿಗೆ ಅದನ್ನೇ ಮುಖ್ಯ ಮಾಡೋಣ ಎಂದೆ: ಊದ್ ಕೇಳುತ್ತದೆ, ಪಿಟೀಲು ಉತ್ತರಿಸುತ್ತದೆ, ಉಳಿದವರು ಹಿಂದೆ.

ಆಗ ಮಳೆ ಹಿಡಿಯಿತು. ಜೋರು ಮಳೆಯಲ್ಲ, ನಾಲ್ಕು ದಿನ ಬಿಡದ ಜಿಟಿಜಿಟಿ. ಶಾಲೆಯ ಗೋಡೆಗಳು ಬೆವರತೊಡಗಿದವು. ಊದಿನ ಬಿರಡೆಗಳು ಉಬ್ಬಿ ತಿರುಗದಾದವು, ಧ್ವನಿ ಕಂಬಳಿ ಹೊದ್ದಂತಾಯಿತು. ಚರ್ಮದ ಎರಡು ವಾದ್ಯ ಜೋತುಬಿದ್ದವು. ಕಛೇರಿಗೆ ಎಂಟು ದಿನವಿತ್ತು. ನಮ್ಮ ಕಡೆ ತಮಟೆ ಸಡಿಲವಾದರೆ ಹುಲ್ಲು ಹಚ್ಚಿ ಕಾಯಿಸುತ್ತಾರೆ, ಎರಡು ನಿಮಿಷದಲ್ಲಿ ಗಂಟಲು ಬರುತ್ತದೆ. ಊದನ್ನು ಹುಲ್ಲುರಿಗೆ ಹಿಡಿಯಲಾಗುತ್ತದೆಯೇ. ನನಗೆ ನಮ್ಮ ಮನೆಯ ಬ್ಯಾರನ್ ನೆನಪಾಯಿತು.

ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆಗೆ ಬ್ಯಾರನ್ ಎನ್ನುತ್ತೇವೆ. ನೆಲದಲ್ಲಿ ತಗಡಿನ ಕೊಳವೆ, ಹೊರಗೆ ಒಲೆ, ಒಳಗೆ ಮೇಲಿನವರೆಗೂ ಅಡ್ಡ ತೊಲೆಗಳು. ತೊಲೆಗಳ ಮೇಲೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ತುಂಬಿ ಸಣ್ಣಗೆ ಬೆಂಕಿ ಕೊಟ್ಟರೆ ಸೊಪ್ಪು ಹಳದಿಗೆ ತಿರುಗುತ್ತದೆ. ಶಾಲೆಯಿಂದ ನಾನು ಹುಟ್ಟಿದ ಹಳ್ಳಿ ಎರಡು ಮೈಲಿ, ಬೇಸಾಯ ಅಲ್ಲಿರುವ ಅಣ್ಣನದು. ಅಣ್ಣ ಹಿಂದಿನ ದಿನ ತಾನೇ ಬೆಂದ ಸೊಪ್ಪು ಇಳಿಸಿದ್ದ.

"ಅಣ್ಣ, ನಾಳೀಕೆ ಒಂದಿನ ಬ್ಯಾರನ್ ಬೇಕು," ಎಂದೆ.

"ನಾಡಿದ್ದು ಸೊಪ್ಪು ಮುರೀತೀನಿ, ಅಲ್ಲೀಗಂಟ ಕಾಲಿನೇ. ಏನಾಕ್ತೀಯ್ಲಾ?"

"ಆ ಫಾರಿನ್ನೋರ ವಾದ್ಯ. ತಮಟೆ ಕಾಯ್ಸಂಗೆ ವಸಿ ಬೆಚ್ಚಗೆ ಮಾಡ್ಬೇಕು."

"ಆಯ್ತು ಬುಡು, ಸಣ್ಣುರಿ ಕೊಡ್ತೀನಿ."

ಮಾರನೆಯ ಬೆಳಿಗ್ಗೆ ಐದು ವಾದ್ಯ ತಂದೆವು. ಊದ್, ಎರಡು ಚರ್ಮವಾದ್ಯ, ಒಂದು ಮ್ಯಾಂಡೊಲಿನ್, ಪಿಟೀಲು. ಊದಿನ ಹುಡುಗಿ ತಂತಿ ಸಡಿಲಿಸಲೇ ಎಂದು ಕೇಳಿದಳು. ಬೇಡ, ಮತ್ತೆ ಬಿಗಿದರೆ ಕೂರಲು ಎರಡು ದಿನ ಬೇಕಾಗುತ್ತದೆ ಎಂದೆ. ಎಲ್ಲಿ ತೂಗುಹಾಕುವುದು ಎಂದಾಗ ನಾನೂ ಅಣ್ಣನೂ ಯೋಚನೆಯನ್ನೇ ಮಾಡಲಿಲ್ಲ. ಬ್ಯಾರನ್ನಿನಲ್ಲಿ ಕೆಳಗಿನ ಸಾಲು ಮೊದಲು ಒಣಗುತ್ತದೆ, ಮೇಲಿನದು ಕೊನೆಗೆ. ಇದು ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನಾಜೂಕಿನ ಸಾಮಾನು, ಕಾವು ಕಮ್ಮಿಯಿರುವ ಕಡೆ ಇರಲಿ ಎಂದು ತೀರ ಮೇಲಿನ ತೊಲೆಗೆ ಕಟ್ಟಿದೆವು. ಥರ್ಮಾಮೀಟರ್ ಎಂದಿನಂತೆ ಕೆಳಗಿನ ಸಾಲಿನಲ್ಲಿ, ಗೋಡೆಯ ಸಣ್ಣ ಗಾಜಿನಿಂದ ಕಾಣುವ ಹಾಗೆ. ಸೊಪ್ಪು ಹಳದಿಗೆ ತಿರುಗುವ ಕಾವು, ಫ್ಯಾರನ್‌ಹೀಟಿನಲ್ಲಿ ತೊಂಬತ್ತೈದು ಡಿಗ್ರಿ, ಜ್ವರದ ಮೈಯಷ್ಟೂ ಅಲ್ಲ. ದಿನವಿಡೀ ಅದು ಒಂದು ಗೀಟೂ ಮೇಲೇರದ ಹಾಗೆ ಅಣ್ಣ ಕಾದ.

ಮಧ್ಯಾಹ್ನ ಮೂರರ ಹೊತ್ತಿಗೆ ಪಿಟೀಲಿನ ಹುಡುಗ ಒಬ್ಬನೇ ನಡೆದುಕೊಂಡು ಬಂದ. ನೋಡಬೇಕು ಎಂದ. ಬಾಗಿಲು ತೆಗೆದೆ. ತೊಲೆ ಹಿಡಿದು ಹತ್ತಿ ತನ್ನ ಪಿಟೀಲು ತೆಗೆದುಕೊಂಡು ಇಳಿದ. ಅಂಗಿ ಮೈಗೆ ಅಂಟಿತ್ತು. "ಮೇಲೆ ತುಂಬಾ ಬಿಸಿಯಿದೆ. ಎಲ್ಲವನ್ನೂ ಇಳಿಸಿ," ಎಂದು ಇಂಗ್ಲಿಷಿನಲ್ಲಿ ಹೇಳಿದ. ಕೈಯನ್ನು ಮೇಲೆ ತೋರಿಸಿ, ಸುಟ್ಟುಕೊಂಡವನಂತೆ ಬೆರಳು ಒದರಿದ. ನಾನು ಅವನ ತೋಳು ಹಿಡಿದು ಗಾಜಿನ ಮುಂದೆ ನಿಲ್ಲಿಸಿ ತೊಂಬತ್ತೈದನ್ನು ತೋರಿಸಿದೆ. "ನಾನು ಈ ಬ್ಯಾರನ್ನಿನಲ್ಲಿ ಬೆಳೆದವನು. ನೀನು ನಿನ್ನದನ್ನು ತೆಗೆದುಕೊಂಡು ಹೋಗು," ಎಂದು ಸಿಟ್ಟಿನಲ್ಲಿ ಕನ್ನಡದಲ್ಲೇ ಅಂದೆ. ಅವನು ಬಾಗಿಲಿನಿಂದ ಊದಿನ ಕಡೆ ಕತ್ತೆತ್ತಿ ನೋಡಿದ. ಊದನ್ನು ತಾನೇ ಇಳಿಸುವ ಹಾಗಿರಲಿಲ್ಲ, ನನ್ನ ಕಾನೂನಿತ್ತು. ಹೋದ.

ಐದಕ್ಕೆ ಎಲ್ಲರೂ ಬಂದರು. ನಾನು ಮೇಲೆ ಹತ್ತಿದೆ. ಕೊನೆಯ ತೊಲೆಯ ಹತ್ತಿರ ಉಸಿರೆಳೆದರೆ ಮೂಗು ಸುಡುತ್ತಿತ್ತು. ಊದಿನ ಕುದುರೆ, ಎಂದರೆ ತಂತಿಗಳನ್ನು ಹಿಡಿದಿರುವ ಮರದ ಪಟ್ಟಿ, ಕಿತ್ತು ಬಂದು ಹನ್ನೊಂದು ತಂತಿಯೂ ಒಂದೇ ಕಂತೆಯಾಗಿ ನೇತಾಡುತ್ತಿತ್ತು. ಮುಂದಿನ ಹಲಗೆ ಕುಸಿದಿತ್ತು. ಬೆನ್ನಿನ ನಾಲ್ಕು ಪಟ್ಟಿ ಬಾಯಿ ಬಿಟ್ಟಿದ್ದವು. ಒಂದು ಚರ್ಮವಾದ್ಯ ಸೀಳಿತ್ತು. ಕಾರ್ಖಾನೆಯ ಅಂಟಿನ ಮ್ಯಾಂಡೊಲಿನ್ನಿಗೆ ಏನೂ ಆಗಿರಲಿಲ್ಲ. ಊದನ್ನು ಇಳಿಸಿಕೊಟ್ಟೆ. ಹುಡುಗಿ ಅಳಲಿಲ್ಲ. ನೆಲದ ಮೇಲೆ ಕೂತು ಕುದುರೆಯ ತಳವನ್ನು ಹೆಬ್ಬೆರಳಿನಿಂದ ಒರೆಸುತ್ತ ಇದ್ದಳು, ಅಂಟು ಇನ್ನೂ ಎಳೆ ಎಳೆಯಾಗಿ ಬರುತ್ತಿತ್ತು.

ಅಷ್ಟರಲ್ಲಿ ಯಾರೋ ಪಿಟೀಲೆಲ್ಲಿ ಎಂದು ಕೇಳಿದರು. ಅದು ಅವನ ಕೈಯಲ್ಲಿ, ಪೆಟ್ಟಿಗೆಯಲ್ಲಿ, ಸುಖವಾಗಿತ್ತು. ಮೊದಲು ಬಾಯಿ ಬಿಟ್ಟದ್ದು ಅರಬರಲ್ಲ, ಅವನ ಕಡೆಯವಳೇ, ಅಕಾರ್ಡಿಯನ್ನಿನ ಹುಡುಗಿ. ಮಧ್ಯಾಹ್ನ ಇವನು ಒಬ್ಬನೇ ಇಲ್ಲಿಗೆ ಬಂದಿದ್ದ, ತನ್ನದನ್ನು ಮಾತ್ರ ಇಳಿಸಿಕೊಂಡಿದ್ದಾನೆ, ಅವಳದನ್ನು ಏನೋ ಮಾಡಿದ್ದಾನೆ ಎಂದಳು. ಮೊದಲ ವಾರದ ಕೆಂಪು ದೀಪವನ್ನು ಯಾರೂ ಮರೆತಿರಲಿಲ್ಲ. ಅವನು ಮೊದಲು ಊದಿನ ಹುಡುಗಿಯ ಕಡೆ ನೋಡಿದ, ಅವಳು ತಲೆ ಎತ್ತದಿದ್ದಾಗ ನನ್ನತ್ತ ಕೈ ಮಾಡಿದ. "ಬಿಸಿ ಇದೆ, ಇಳಿಸಿ ಅಂತ ಇವರಿಗೆ ಹೇಳಿದೆ."

ಮೇಡಂ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಹೇಳಿದ್ನಾ ನಿಮಗೆ?"

"ನನಗೇನೂ ಹೇಳಲಿಲ್ಲ ಮೇಡಂ," ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾಕೆ ಹಾಗಂದೆ ಎಂದು ನಾನು ಬಹಳ ಕಾರಣ ಕೊಟ್ಟುಕೊಂಡಿದ್ದೇನೆ. ಶಿಬಿರ ನಿಂತುಹೋದರೆ ಹುಡುಗಿಯ ಸೀಟು ಹೋಗುತ್ತದೆ ಎಂಬುದು ಅದರಲ್ಲಿ ಎಲ್ಲಕ್ಕಿಂತ ಚೆಂದದ್ದು. ನಿಜವಾದದ್ದು ಸಣ್ಣದು: ಹೊಗೆಸೊಪ್ಪಿನ ಮನೆಯವನಿಗೆ ಕಾವು ಗೊತ್ತಾಗಲಿಲ್ಲ ಎಂದು ಅಷ್ಟು ಜನರ ಮುಂದೆ ಅನ್ನಿಸಿಕೊಳ್ಳಲಾರದೆ ಹೋದೆ. ಮೇಡಂ ಅದನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದರು. ಹುಡುಗ ನನ್ನನ್ನು ನೋಡಿದ, ಸಿಟ್ಟಿನಿಂದಲ್ಲ, ಗೊತ್ತಾಗದೆ ನೋಡಿದ.

ಅವರೆಲ್ಲ ಹೋದ ಮೇಲೆ ಥರ್ಮಾಮೀಟರನ್ನು ಮೇಲಿನ ತೊಲೆಗೆ ಒಯ್ದು ಹಿಡಿದೆ. ನೂರ ಮೂವತ್ತು ದಾಟಿತು. ಅಣ್ಣ ಒಲೆ ಬಾಯಿಂದ ಕೊಳ್ಳಿ ಎಳೆಯುತ್ತ ಮಾತಾಡಿದ. ಅವನಿಗೆ ಇಂಗ್ಲಿಷ್ ಬರದು, ಆದರೆ ಹುಡುಗ ಬೆರಳು ಒದರಿದ್ದನ್ನು ನೋಡಿದ್ದ.

"ಆವಯ್ಯ ಏಳ್ದ್ನಲ್ಲ, ಮ್ಯಾಲೆ ಬಿಸಿ ಅಂತವ?"

ನಾನು ಥರ್ಮಾಮೀಟರನ್ನು ಅವನ ಮುಂದೆ ಹಿಡಿದೆ.

"ಸೊಪ್ಪು ತುಂಬಿದ್ರೆ ಕಾವ್ನೆಲ್ಲ ಸೊಪ್ಪೇ ಈರ್ಕತದೆ ಕಣ್ಲಾ, ಅದ್ಕೇ ಮ್ಯಾಗ್ಲುದು ತಣ್ಣಗಿರದು. ಬರೀ ಬ್ಯಾರನ್ನಾಗೆ ಯಾವ ಸೊಪ್ಪದೆ? ಎಲ್ಲಾ ಮ್ಯಾಕೇ ಓಗ್ ಕೂತದೆ. ನಾವ್ಯಾವತ್ತು ಬರೀ ಬ್ಯಾರನ್‌ಗೆ ಬೆಂಕಿ ಆಕಿದ್ದೋ ಏಳು, ಗೊತ್ತಾಗಕ್ಕೆ?" ಕೊಳ್ಳಿಗೆ ನೀರು ಚಿಮುಕಿಸಿದ. "ತಪ್ಪು ಇಬ್ರುದೂವೆ. ಸುಳ್ಳು ನಿಂದೊಬ್ಬುಂದೇಯ."

ಆ ಸಂಜೆ ಊಟದ ಮನೆಯಲ್ಲಿ ಎರಡು ಮೇಜನ್ನು ಯಾರೂ ಹೇಳದೆಯೇ ಒಂದಕ್ಕೊಂದು ಜೋಡಿಸಿದರು. ಹದಿನೈದು ಜನ ಕೂತರು. ಪಿಟೀಲಿನವನು ತಟ್ಟೆ ಹಿಡಿದು ಬಂದಾಗ ಅವನ ಕಡೆಯ ಏಳು ಜನವೂ ಜಾಗ ಬಿಡದ ಹಾಗೆ ಒತ್ತಿ ಕೂತರು. ತಾವು ಅವನಂಥವರಲ್ಲ ಎಂದು ತೋರಿಸಲು ಅವರಿಗೆ ಅವಸರವಿತ್ತು, ಅರಬ್ ಹುಡುಗರಿಗಿಂತ ಹೆಚ್ಚು. ಅವನು ತಟ್ಟೆಯನ್ನು ಕೋಣೆಗೆ ಒಯ್ದ. ಮಾರನೆಯ ದಿನದ ಅಭ್ಯಾಸದಲ್ಲಿ ಒಂದು ಅಪಸ್ವರವಿಲ್ಲ. ಯುರೋಪಿನವರು ಅರಬರ ತಾಳ ಕಲಿತರು, ಅರಬರು ಅವರಿಗೆ ನೀರು ತಂದುಕೊಟ್ಟರು. ಮೇಡಂ ನನ್ನ ಪಕ್ಕ ಬಂದು ನಿಂತು, "ನೋಡಿದ್ರಾ, ಎರಡು ವಾರ ನಾವು ತಲೆ ಚಚ್ಚಿಕೊಂಡ್ರೂ ಆಗಿರಲಿಲ್ಲ," ಎಂದರು. ನಿಜವಾಗಿಯೂ ಸಂತೋಷವಾಗಿದ್ದರು.

ನಾನು ಊದ್ ಕಟ್ಟಲು ಕೂತೆ. ಏಳು ದಿನವಿತ್ತು. ಬಡಗಿಗಳು ಮರವಜ್ರ ಎನ್ನುವ ಚರ್ಮದ ಅಂಟನ್ನು ನೆನೆಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದೆ. ಬೆನ್ನಿನ ಪಟ್ಟಿಗಳ ಹಳೆಯ ಅಂಟನ್ನು ಕೆರೆದು, ಹೊಸದನ್ನು ತುಂಬಿ, ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತ ಬಿಗಿದೆ. ಒಂದು ದಿನ ಒಣಗಬೇಕು, ಅದೂ ನೆರಳಿನಲ್ಲಿ. ಕುಸಿದ ಹಲಗೆಯನ್ನು ಒದ್ದೆಬಟ್ಟೆಯಿಂದ ಮೆತ್ತಗೆ ಮಾಡಿ ಒಳಗಿನಿಂದ ಬೆರಳು ಹಾಕಿ ಎತ್ತಿದೆ. ಕುದುರೆಯನ್ನು ಕೂರಿಸಿ ಮೇಲೆ ಕಲ್ಲುಪ್ಪಿನ ಚೀಲ ಹೇರಿದೆ. ಹುಡುಗಿ ಪಕ್ಕದಲ್ಲಿ ಕೂತು ಅಂಟಿನ ಪಾತ್ರೆ ಕಲಕುತ್ತಿದ್ದಳು. ನನಗೆ ಟೀ ತಂದುಕೊಡುತ್ತಿದ್ದಳು. ಉಸ್ತಾದ್ ಎಂದು ಕರೆಯತೊಡಗಿದಳು. ಗೋಡೆಯಾಚೆ ಪಿಟೀಲಿನವನು ತನ್ನ ಉತ್ತರದ ಭಾಗವನ್ನು ನುಡಿಸಿಕೊಳ್ಳುತ್ತಿದ್ದ. ಆ ಗಾಂಧಾರ ಪ್ರತಿಸಲವೂ ಸರಿಯಾಗಿ ಕೂರುತ್ತಿತ್ತು. ಇಬ್ಬರಿಗೂ ಕೇಳುತ್ತಿತ್ತು, ಇಬ್ಬರೂ ಅಂಟು ನೋಡುತ್ತಿದ್ದೆವು.

ಐದನೆಯ ದಿನ ತಂತಿ ಏರಿಸಿದೆ. ಪೂರಾ ಶ್ರುತಿಗೆ ಎಳೆದರೆ ಕುದುರೆ ಕೂದಲೆಳೆಯಷ್ಟು ಏಳುತ್ತಿತ್ತು. ಒಂದು ಇಡೀ ಸ್ವರ ಕೆಳಗಿಳಿಸಿದರೆ ತಡೆಯುತ್ತಿತ್ತು. ಉಳಿದವರೆಲ್ಲ ತುಟಿಪಿಟಕ್ಕೆನ್ನದೆ ಅವಳ ಶ್ರುತಿಗೆ ಇಳಿದರು. ಅಕಾರ್ಡಿಯನ್ನಿನ ಹುಡುಗಿ ಎಲ್ಲ ಮನೆಗಳನ್ನೂ ಬದಲಿಸಿಕೊಂಡು ಮೊದಲಿಂದ ಕಲಿಯಲು ಕೂತಳು. ಒಬ್ಬರಿಗಾಗಿ ಹದಿನಾಲ್ಕು ಜನ ಇಳಿದುಬಂದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮೇಡಂ ಕೋಣೆಗೆ ಹೋಗಿ ನಿಜ ಹೇಳಿದೆ.

ಅವರು ಬಾಗಿಲು ಮುಚ್ಚಿ ಬಂದರು. "ಇನ್ನು ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ."

"ನಾಡಿದ್ದು ಕಛೇರಿ. ಇವತ್ತು ಹೇಳಿದ್ರೆ ಈ ಹದಿನೈದು ಜನ ಏನು ಮಾಡ್ತಾರೆ ಅಂದ್ಕೊಂಡ್ರಿ? ಆ ಹುಡುಗನ ಕಾಲಿಗೆ ಬೀಳ್ತಾರಾ? ಮೇಜು ಮತ್ತೆ ಎರಡಾಗುತ್ತೆ, ಅಷ್ಟೇ. ಅವನಿಗೆ ಮನೆ ಇದೆ, ಅಪ್ಪ ಅಮ್ಮ ಇದ್ದಾರೆ. ಅವಳಿಗೆ ಏನಿದೆ ಹೇಳಿ."

ಬಾಗಿಲು ತೆಗೆದು ಹೊರಬಂದೆ. ಆದರೂ ಹುಡುಗಿಗಾದರೂ ಗೊತ್ತಿರಲಿ ಎಂದು ಮಾರನೆಯ ಬೆಳಿಗ್ಗೆ ಅವಳಿಗೆ ಹೇಳಿದೆ. ತೂಗುಹಾಕಿದ್ದು ನಾನು, ಅವನು ಬಂದು ಎಚ್ಚರಿಸಿದ್ದ, ನಾನು ಸುಳ್ಳು ಹೇಳಿದೆ ಎಂದೆ. ಅವಳು ಬಿರಡೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದಳು. "ಅವತ್ತು ದಾರಿಯಲ್ಲಿ ನನಗೂ ಹೇಳಿದ, ಹೋಗಿ ಇಳಿಸಿಕೋ ಅಂತ. ನಾನು ನಂಬಲಿಲ್ಲ. ಅವನ ಮಾತು ಯಾಕೆ ನಂಬಲಿ?"

"ಮತ್ತೆ ಎಲ್ಲರೂ ಅವನನ್ನು ಬೈಯುವಾಗ ಸುಮ್ಮನಿದ್ದೆಯಲ್ಲ?"

"ಮೊದಲ ವಾರ ನಾನು ನುಡಿಸಿದರೆ ಅವರೆಲ್ಲ ನಗುತ್ತಿದ್ದರು. ಈಗ ನನಗಾಗಿ ಶ್ರುತಿ ಇಳಿಸಿದ್ದಾರೆ." ತಂತಿ ಮೀಟಿ ಕಿವಿಗೊಟ್ಟಳು. "ನೀವು ಈಗ ಏನೂ ಹೇಳಬೇಡಿ ಉಸ್ತಾದ್. ನನಗೆ ನಾಳೆ ಬೇಕು."

ಮರುದಿನ ಅವಳು ನುಡಿಸಿದಳು. ಉತ್ತರವನ್ನು ಒಬ್ಬ ಅರಬ್ ಹುಡುಗ ಕೊಳಲಿನಲ್ಲಿ ಕೊಟ್ಟ. ಸಾಕು ಎನ್ನುವಷ್ಟು ಚೆನ್ನಾಗಿತ್ತು. ಸುತ್ತಲ ಹಳ್ಳಿಯವರು ಬಂದು ಕೂತಿದ್ದರು, ಅಣ್ಣ ಬರಲಿಲ್ಲ. ಪಿಟೀಲಿನವನು ಕೇಳುವವರ ಕೊನೆಯ ಸಾಲಿನಲ್ಲಿ ಕೂತಿದ್ದ. ಆರಿಸಲು ಬಂದಿದ್ದ ಇಬ್ಬರೂ ಐದು ನಿಮಿಷ ತಮ್ಮಲ್ಲೇ ಮಾತಾಡಿ ಊದಿನ ಹುಡುಗಿಯ ಹೆಸರು ಹೇಳಿದರು. ಹದಿನಾಲ್ಕು ಜನ ಅವಳನ್ನು ಎತ್ತಿಕೊಂಡು ಕುಣಿದರು. ನಾನೂ ಅತ್ತೆ, ಸಂತೋಷಕ್ಕೇ ಅತ್ತೆ. ಅದೂ ಸುಳ್ಳಲ್ಲ.

ಹೊರಡುವ ದಿನ ಮೇಡಂ ಒಂದು ಕಾಗದ ತಂದರು. ಪಿಟೀಲಿನ ಹುಡುಗ ತನ್ನ ಊರಿನಲ್ಲಿ ಓದುತ್ತಿದ್ದ ಸಂಗೀತ ಶಾಲೆ ಅವನ ನಡತೆಯ ಬಗ್ಗೆ ಶಿಬಿರದಿಂದ ಪತ್ರ ಕೇಳಿತ್ತು. ಸಹಕಲಾವಿದೆಯ ವಾದ್ಯ ಹಾಳಾದದ್ದಕ್ಕೆ ಕಾರಣನಾದ, ತಪ್ಪನ್ನು ಬೇರೆಯವರ ಮೇಲೆ ಹಾಕಲು ನೋಡಿದ ಎಂದು ಬರೆದಿತ್ತು. ಕೆಳಗೆ ವಾದ್ಯಗಳ ಹೊಣೆ ಹೊತ್ತವನ ರುಜು ಬೇಕು. ಮಾಡಿದೆ.

ರುಜು ಒಣಗುವ ಮೊದಲೇ ಅವನು ನನ್ನ ಕೋಣೆಗೆ ಬಂದ. ಪೆಟ್ಟಿಗೆ ಹೆಗಲ ಮೇಲಿತ್ತು. "ನಾನು ಬಹಳ ಯೋಚಿಸಿದೆ," ಎಂದ. "ಅವತ್ತು ಬ್ಯಾರನ್ ಹತ್ತಿರ ನಾನು ಜೋರಾಗಿ ಮಾತಾಡಿದೆ ಅನ್ನಿಸುತ್ತೆ. ನನ್ನ ಇಂಗ್ಲಿಷ್ ನಿಮಗೆ ಅರ್ಥವಾಗಲಿಲ್ಲ, ಅಲ್ಲವಾ?"

ಪಾರಾಗಲು ದಾರಿಯನ್ನು ಅವನೇ ಮಾಡಿಕೊಂಡು ಬಂದಿದ್ದ, ನನಗಾಗಿ. "ಹೌದು, ಅರ್ಥವಾಗಲಿಲ್ಲ," ಎಂದೆ. ಅವನ ಮುಖ ಹಗುರಾಯಿತು. ಕೈ ಕುಲುಕಿ ಹೋದ.

ಆ ಪತ್ರದಿಂದ ಅವನ ಶಾಲೆ ಅವನನ್ನು ಬಿಡಿಸಿತು ಎಂದು ಊದಿನ ಹುಡುಗಿಯೇ ಬರೆದಳು. ಅವಳು ಚೆನ್ನಾಗಿದ್ದಾಳೆ, ಆಗಾಗ ನುಡಿಸಿದ್ದನ್ನು ಕಳಿಸುತ್ತಾಳೆ. ಕುದುರೆ ಇನ್ನೂ ಹಿಡಿದಿದೆಯಂತೆ. ಅವನ ಶಾಲೆಯ ವಿಳಾಸ ನನ್ನ ಹತ್ತಿರ ಇದೆ. ಇಷ್ಟನ್ನೂ ಇಂಗ್ಲಿಷಿನಲ್ಲಿ ಬರೆದು ಕಳಿಸುವಷ್ಟು ಭಾಷೆಯೂ ನನಗೆ ಬರುತ್ತದೆ. ಕನ್ನಡದಲ್ಲಿ ಬರೆದಿದ್ದೇನೆ.